ಮರದ ಬುಡದ ನೀರು

ಅಮ್ಮನಿಗೆ,

ನಿನ್ನ ವಿಳಾಸ ಅಜ್ಜಿ ಕೊಟ್ಟಳು. ಹೊಳೆ ಉಕ್ಕಿ ನಿಲ್ಲುವ ಜವುಗಿನಲ್ಲಿ ನೀರಿನ ಮಟ್ಟ ಅಳೆಯುವುದು ನನ್ನ ಕೆಲಸ. ಇಲ್ಲಿ ನೀರಲ್ಲಿ ನಿಂತ ಮರಗಳ ತುಂಬ ಕೊಕ್ಕರೆ ಗೂಡು. ಹೋದ ವಾರ ಹೊಳೆಯ ಮೇಲ್ಗಡೆ ಇರುವ ಅಣೆಕಟ್ಟಿನ ಗೇಟು ಮುಚ್ಚಿದರು. ನೀರು ಸರ್ರನೆ ಇಳಿಯಿತು. ಹಕ್ಕಿಗಳು ಮೊಟ್ಟೆ ಬಿಟ್ಟು ಹಾರಿಹೋದವು.

“ಇವೂ ತಾಯಂದಿರಾ?” ಎಂದು ರೇಗಿದೆ.

ಜೊತೆಗಿದ್ದ ನಮ್ಮ ಆಫೀಸಿನ ಮೇಡಂ ನನ್ನನ್ನೇ ಗದರಿದರು: “ಬುಡದಲ್ಲಿ ನೀರಿಲ್ದಿದ್ರೆ ಕಾಡುಬೆಕ್ಕು ನಡ್ಕೊಂಡೇ ಬಂದು ಮರ ಹತ್ತತ್ತೆ. ಮೀನೂ ಸಿಗಲ್ಲ, ಮರಿಗೆ ಏನ್ ತಿನ್ನಿಸ್ತಾವೆ? ಸುಮ್ನೆ ಬಿಟ್ಟು ಹೋಗ್ತಾವಾ?”

ಅಂದಿನಿಂದ ಒಂದೇ ಪ್ರಶ್ನೆ ತಲೆ ತಿನ್ನುತ್ತಿದೆ. ನನ್ನನ್ನು ಅಜ್ಜಿಯ ಮಡಿಲಿಗೆ ಹಾಕಿ ಹೋದೆಯಲ್ಲ, ಆಗ ಆ ಮನೆಯಲ್ಲಿ ಏನು ಬತ್ತಿಹೋಗಿತ್ತು? ಜಗಳಕ್ಕಲ್ಲ, ತಿಳಿಯುವ ಆಸೆಗೆ ಕೇಳುತ್ತಿದ್ದೇನೆ.

ಗೇಟು ಮತ್ತೆ ತೆಗೆದಿದ್ದಾರೆ, ನೀರು ಏರುತ್ತಿದೆ. ನೋಡಲು ಬರುವುದಾದರೆ ರಬ್ಬರ್ ಬೂಟು ಬೇಕಾಗುತ್ತದೆ. ನಿನ್ನ ಪಾದದ ಅಳತೆ ಬರೆದು ಕಳಿಸು. ಅದು ನನಗೆ ಗೊತ್ತಿಲ್ಲ.

ನಿನ್ನ ಮಗಳು