ಚೆಂಡಿನ ಸವಾಲಿಗೆ ನೋಟೀಸು ಕೊಟ್ಟವರಿಗೆ

ಐದೂರು ಹಾಕಿ ಲೀಗಿನ ಆಡಳಿತಾಧಿಕಾರಿಗಳಾದ ಮಾನ್ಯರೇ,

ಲೀಗು ದಿವಾಳಿಯಾಗಿದೆ, ಆದ್ದರಿಂದ ಭಾನುವಾರದ ಕೊಟ್ಟೂರು–ಹರಪನಹಳ್ಳಿ ಫೈನಲ್ ರದ್ದು, ತಿಂಗಳ ಕೊನೆಗೆ ಲೀಗೇ ಬರಖಾಸ್ತು ಎಂದು ನೀವು ಕಚೇರಿ ಬಾಗಿಲಿಗೆ ಅಂಟಿಸಿದ ಕಾಗದವನ್ನು ಓದಿದೆ. ಲೀಗಿನ ಹತ್ತಿರ ದುಡ್ಡಿಲ್ಲ ಎಂಬುದನ್ನು ಒಪ್ಪುತ್ತೇನೆ. ಅದು ಹೇಗೆ ಖಾಲಿಯಾಯಿತು ಎಂಬುದನ್ನು ಮಾತ್ರ ಆ ಕಾಗದ ಹೇಳುವುದಿಲ್ಲ. ಖಾಲಿ ಮಾಡಿದವರು ನೀವು. ಒಂದು ಪೈಸೆಯನ್ನೂ ಮುಟ್ಟದೆ ಖಾಲಿ ಮಾಡಿದಿರಿ. ಆ ಮಟ್ಟಿಗೆ ನಿಮ್ಮ ಪ್ರಾಮಾಣಿಕತೆಯನ್ನು ಯಾರೂ ಶಂಕಿಸುವಂತಿಲ್ಲ.

ನೀವು ಈ ಸೀಮೆಗೆ ಹೊಸಬರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹುಡುಗರು ಸಂಬಳ ತೆಗೆದುಕೊಂಡು ಹಾಕಿ ಆಡುತ್ತಾರೆ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ಕ್ರಿಕೆಟ್ಟಿನ ವಿಶ್ವಕಪ್ ಬಂದ ಮೇಲೆ ಹಾಕಿಯನ್ನು ಯಾರು ನೋಡುತ್ತಾರೆ ಎಂದು ನೀವೂ ಸಭೆಯಲ್ಲಿ ಕೇಳಿದಿರಂತೆ. ನಾವು ನೋಡುತ್ತೇವೆ ಸ್ವಾಮಿ. ಟ್ರ್ಯಾಕ್ಟರು ಕಟ್ಟಿಕೊಂಡು ಬಂದು ನೋಡುತ್ತಿದ್ದೆವು. ಯಾಕೆ ಬರುತ್ತಿದ್ದೆವು ಎಂದು ಈ ಊರಿನ ಯಾವ ಮಂಡಕ್ಕಿ ಅಂಗಡಿಯಲ್ಲಿ ಕೇಳಿದ್ದರೂ ತಿಳಿಯುತ್ತಿತ್ತು. ನೀವು ಕೇಳಲಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ.

ಆಟ ಮುಗಿದ ಕೂಡಲೇ ಗೆಲುವಿನ ಗೋಲು ಹೊಡೆದ ಚೆಂಡನ್ನು ಮೈದಾನದಲ್ಲೇ ಹರಾಜು ಕೂಗುತ್ತೇವೆ. ಅದೇ ಚೆಂಡಿನ ಸವಾಲು. ಸವಾಲು ಗೆದ್ದವರು ಚೆಂಡನ್ನು ಅಂದೇ ಮನೆಗೆ ಒಯ್ಯುತ್ತಾರೆ. ದುಡ್ಡನ್ನು ಮಾತ್ರ ಅಂದು ಕೊಡುವಂತಿಲ್ಲ. ಅವರ ಊರಿನಲ್ಲಿ ಮುಂದಿನ ಆಟ ನಡೆಯುವಾಗ, ಸೀಟಿ ಊದುವ ಮುಂಚೆ, ಮೈದಾನದ ನಡುಗೆರೆಯ ಮೇಲೆ ನಿಂತು ಎಲ್ಲರ ಎದುರು ಕೊಡಬೇಕು. ನಮ್ಮ ಕೊಟ್ಟೂರಿನ ಶೇಂಗಾ ದಲಾಲಿ ಪಾಲಾಕ್ಷಪ್ಪನವರು ಕೊಡುವ ದಿನ ಅಂಗಡಿಯ ಹಮಾಲರೆಲ್ಲ ಬರುತ್ತಾರೆ, ಉಜ್ಜಿನಿಯಿಂದ ಬೀಗರು ಬರುತ್ತಾರೆ, ಈತ ನಿಜಕ್ಕೂ ಕೊಡುತ್ತಾನೋ ಇಲ್ಲವೋ ನೋಡಲು ಎದುರಂಗಡಿಯವರು ಅವರಿಗಿಂತ ಮುಂಚೆ ಬರುತ್ತಾರೆ. ಎಲ್ಲರೂ ಟಿಕೀಟು ಕೊಂಡೇ ಬರುತ್ತಾರೆ. ಆಟಗಾರರ ಸಂಬಳ ಹುಟ್ಟುತ್ತಿದ್ದದ್ದು ಆ ಜನಜಂಗುಳಿಯಲ್ಲಿ.

ನೀವು ಬಂದಿರಿ. ಕೊಡಬೇಕಾದ ಸವಾಲುಗಳನ್ನೆಲ್ಲ ಬಾಕಿ ಎಂದಿರಿ. ಒಂದು ವಾರದೊಳಗೆ ಕಚೇರಿಗೆ ಬಂದು ಕಟ್ಟತಕ್ಕದ್ದು, ತಪ್ಪಿದಲ್ಲಿ ಕಾನೂನು ಕ್ರಮ ಎಂದು ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಕಳಿಸಿದಿರಿ. ಸಂತೆಯ ದಿನ, ಗಿರಾಕಿಗಳು ತುಂಬಿದ್ದಾಗ, ಅಂಚೆಯವನು ಪಾಲಾಕ್ಷಪ್ಪನವರ ಸಹಿ ಹಾಕಿಸಿಕೊಂಡ. ನಾನು ಅಲ್ಲೇ ಇದ್ದೆ.

“ನೋಡಲೇ ಬೆನಕಾ, ನಾನೇನು ಊರು ಬಿಟ್ಟು ಓಡಿ ಹೋಗಿದ್ನೇನು?” ಎಂದು ನನ್ನನ್ನೇ ಕೇಳಿದರು. “ನಡುಗೆರಿ ಮ್ಯಾಲ ನಿಂತು ಕೊಡೋ ರೊಕ್ಕ ಇದು. ಕಳ್ಳನಂಗ ಹಿಂದಲ ಬಾಗಲದಾಗ ಹೋಗಿ ಕಟ್ಟು ಅಂತಾನಲ್ಲ ನಿಮ್ಮ ಸಾಹೇಬ.”

“ನಮ್ಮ ಸಾಹೇಬ ಅಲ್ರಿ ಅಣ್ಣಾರ.”

“ಮತ್ಯಾರವ? ಹಾಕಿ ಹಾಕಿ ಅಂತ ಕುಣಿಯೋನು ನೀನಲ್ಲೇನು?”

ಮರುದಿನವೇ ಅವರು ದುಡ್ಡನ್ನು ನಿಮ್ಮ ಕಚೇರಿಗೆ ಕಳಿಸಿದರು, ಪೂರಾ. ನಿಮಗೆ ಸಂತೋಷವಾಗಿರಬೇಕು. ಆ ಮೇಲೆ ಅವರು ಮೈದಾನದ ಕಡೆ ಮುಖ ಹಾಕಿಲ್ಲ. ಹಮಾಲರಿಲ್ಲ, ಬೀಗರಿಲ್ಲ, ಎದುರಂಗಡಿಯವರಿಗೂ ನೋಡಲು ಏನೂ ಇಲ್ಲ. ಐದೂರುಗಳಲ್ಲೂ ಇದೇ ಕಥೆ. ವಸೂಲಿ ಪೂರ್ತಿಯಾಯಿತು, ಮೈದಾನ ಬರಿದಾಯಿತು. ಇದನ್ನು ಯಾವ ಪರೀಕ್ಷೆಗೆ ಓದಿ ಕಲಿತಿರಿ, ಮಾನ್ಯರೇ?

ಕೊಡದೆ ತಪ್ಪಿಸಿಕೊಂಡವರಿಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ. ಹಿರೇಹಡಗಲಿಯ ಓಬಳೇಶಪ್ಪ ಎಂಬವರು ಸವಾಲು ಕೂಗಿ, ಹಡಗಲಿಯ ಮುಂದಿನ ಆಟಕ್ಕೆ ಬರಲೇ ಇಲ್ಲ. ಜನ ಆಟ ಶುರುಮಾಡಲು ಬಿಡಲಿಲ್ಲ. ಅವರ ಅಣ್ಣ ಸೈಕಲ್ ತುಳಿದುಕೊಂಡು ಬಂದು, ಬೆವರು ಒರೆಸಿಕೊಳ್ಳುತ್ತ ನಡುಗೆರೆಯ ಮೇಲೆ ದುಡ್ಡಿಟ್ಟು, “ತಮ್ಮಗ ಜ್ವರ ಬಂದಾವ್ರಿ” ಎಂದ. “ಜ್ವರ ಅಲ್ಲೋ, ಹೆಂಡ್ತಿ ಬಂದಾಳ” ಎಂದು ಯಾರೋ ಕೂಗಿದರು. ನಿಮ್ಮ ಕಾನೂನು ಕ್ರಮಕ್ಕೆ ಇಷ್ಟು ಬೇಗ ಕೆಲಸ ಮಾಡಿ ಗೊತ್ತೇ?

ಇದನ್ನೆಲ್ಲ ಹೇಳಲು ಹೋದ ವಾರ ನಿಮ್ಮ ಕಚೇರಿಗೆ ಬಂದಿದ್ದೆ. ಆಟಗಾರನಾ ಎಂದು ಕೇಳಿದಿರಿ. ಅಲ್ಲ ಸರ್, ನೋಡುವವನು ಎಂದೆ. “ನೋಡೋನಿಗೆ ಆಫೀಸಲ್ಲಿ ಏನಪ್ಪ ಕೆಲಸ?” ಎಂದಿರಿ. ನೋಡುವವರು ಬಾರದೆ ದಿವಾಳಿಯಾದ ಸಂಸ್ಥೆಯೊಂದರ ಕುರ್ಚಿಯಲ್ಲಿ ಕುಳಿತು ಈ ಮಾತನ್ನು ಆಡಲು ಧೈರ್ಯ ಬೇಕು.

ಈಗ ನಮ್ಮ ಗೋಲ್‌ಕೀಪರ್ ಗೌಸ್ ಪೀರ್ ವಿಷಯ. ಪಂಪ್‌ಸೆಟ್ ರಿಪೇರಿ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಆಟವೋ ಕೆಲಸವೋ ಒಂದು ಹೇಳು ಎಂದು ಮಾಲೀಕ ಕೇಳಿದಾಗ ಆಟ ಎಂದ. ನಾವೆಲ್ಲ ಬೆನ್ನು ತಟ್ಟಿದೆವು. ಈಗ ಸಂಬಳವಿಲ್ಲ. ಫೈನಲ್ ನಡೆಯದಿದ್ದರೆ ಸೋಮವಾರ ದಾವಣಗೆರೆ ಬಸ್ಸು ಹತ್ತಿ, ಅಲ್ಲಿನ ಗ್ಯಾರೇಜಿಗೆ ಸೇರುತ್ತಾನೆ. ಅವನ ತಾಯಿ ಸುಲ್ತಾನಬಿ ಮೊನ್ನೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು.

“ಬೆನಕಪ್ಪ, ಎಷ್ಟು ಚೆಂಡು ತಡದಾನ ನನ್ನ ಮಗ? ಮೊಣಕಾಲು ನೋಡು ಹೋಗು ಅವಂದು. ನೀವೆಲ್ಲ ಸೇರಿ ಒಂದು ನೋಟೀಸು ತಡೀಲಿಕ್ಕೆ ಆಗ್ಲಿಲ್ಲೇನಪ್ಪ?”

“ಅಮ್ಮೀ, ಸುಮ್ಕಿರು” ಎಂದು ಒಳಗಿನಿಂದ ಅವನು ಹೇಳಿದ. ಹೊರಗೆ ಬರಲಿಲ್ಲ. ಆ ತಾಯಿಗೆ ಉತ್ತರವನ್ನು ಎಲ್ಲರ ಎದುರೇ ಕೊಡಬೇಕು. ಈ ಪತ್ರವನ್ನು ನಿಮಗೆ ಅಂಚೆಯಲ್ಲಿ ಹಾಕದೆ ಪತ್ರಿಕೆಗೆ ಕೊಟ್ಟದ್ದು ಅದಕ್ಕೇ.

ನೋಟೀಸುಗಳನ್ನು ಹಿಂದಕ್ಕೆ ಪಡೆಯಿರಿ. ಅಂಚೆಯಲ್ಲಿ ಬೇಡ, ನೀವೇ ಸಂತೆಯ ದಿನ ಆ ಅಂಗಡಿಗಳಿಗೆ ಹೋಗಿ, ಗಿರಾಕಿಗಳ ಎದುರು ಚಾಪೆಯ ಮೇಲೆ ಕುಳಿತು ಹೇಳಿ. ಬರಖಾಸ್ತಿನ ಕಾಗದವನ್ನು ಹರಿಯಿರಿ. ಸವಾಲು ಹಿಂದೆ ನಡೆದ ಬಗೆಯಲ್ಲೇ ನಡೆಯಲಿ.

ಭಾನುವಾರದ ಫೈನಲ್ಲಿಗೆ ನಿಮ್ಮ ಒಪ್ಪಿಗೆಯನ್ನು ಕೇಳುತ್ತಿಲ್ಲ. ಹರಪನಹಳ್ಳಿಯವರು ಬರುತ್ತೇವೆ ಎಂದಿದ್ದಾರೆ. ಗೋಲು ಕಂಬಗಳನ್ನು ನೀವು ಗೋದಾಮಿಗೆ ಹಾಕಿ ಬೀಗ ಜಡಿದಿದ್ದೀರಿ. ಕಟ್ಟಿಗೆ ಅಡ್ಡೆಯ ಗಾಳೆಪ್ಪನವರು ಬಿದಿರು ಕೊಡುತ್ತಿದ್ದಾರೆ. ಆ ಬಿದಿರುಗಳ ನಡುವೆ ನಿಲ್ಲಲು ಗೌಸ್ ಪೀರ್ ಒಪ್ಪಿದ್ದಾನೆ. ಸಂಜೆ ಬಂದ ಜನವನ್ನು ನೋಡಿ, ಬಸ್ಸು ಹತ್ತುವುದೋ ಬಿಡುವುದೋ ತೀರ್ಮಾನಿಸುತ್ತಾನಂತೆ. ಇದು ಅಪರಾಧವಾದರೆ ಬಂದು ನಮ್ಮನ್ನು ಹಿಡಿಸಿ. ಆದರೆ ಗೇಟಿನಲ್ಲಿ ಟಿಕೀಟು ತೆಗೆದುಕೊಂಡು ಒಳಗೆ ಬನ್ನಿ. ಈ ಸಲ ನಮಗೆ ಒಂದೊಂದು ತಲೆಯೂ ಬೇಕಾಗಿದೆ.

ಇಂತಿ,
ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬರೆಯಲು ಕುಳಿತ,
ಬೆನಕಪ್ಪ, ಬಿ.ಕಾಂ. ಎರಡನೇ ವರ್ಷ (ಎರಡನೇ ಸಲ),
ಕೊಟ್ಟೂರು