ಗೀರು ಬೀಳದ ಅಡುಗೆ ಕಟ್ಟೆ

ಮಾರ್ಚ್ ೧೪, ಶುಕ್ರವಾರ

ನನ್ನ ಗಂಡ ಟ್ರೆವರ್, ನಾನು ತೆಗೆದ ಫೋಟೊ ನೋಡಿ ಖುಷಿಯಿಂದ ಮಲಗಿದ್ದಾನೆ. ನನಗೆ ಆ ಅಡುಗೆ ಕಟ್ಟೆ ಕಣ್ಣೆದುರಿನಿಂದ ಹೋಗುತ್ತಿಲ್ಲ.

ಲೋಗನ್ ಊರಿನಲ್ಲಿ ನಾವು ಬಾಡಿಗೆಗೆ ಕೊಟ್ಟಿರುವ ಮನೆಗೆ ಕ್ರಿಸ್‌ಮಸ್‌ಗೆ ಮುಂಚೆ ಹೊಸ ಕಟ್ಟೆ ಹಾಕಿಸಿದೆವು. ನನಗೆ ಮರದ್ದು ಇಷ್ಟವಿತ್ತು. "ಬಾಡಿಗೆ ಮನೆಗೆ ಯಾಕೆ ಅಷ್ಟೆಲ್ಲ? ಲ್ಯಾಮಿನೇಟ್ ಸಾಕು ಬಿಡೇ," ಎಂದ ಇವನು. ಬಿಸಿ ತಾಗಿದರೆ ಉಬ್ಬುತ್ತದೆ ಎಂದು ಗೊತ್ತಿದ್ದರೂ ಅಗ್ಗವೆಂದು ಒಪ್ಪಿದೆ. ಬಾಡಿಗೆಗಿರುವ ಲೂಪೆಯಮ್ಮನಿಗೆ, "ಬಿಸಿ ಪಾತ್ರೆ ಇಟ್ರೋ, ನಿಮ್ಮ ಡಿಪಾಸಿಟ್ಟಿಗೆ ಎಳ್ಳುನೀರು ಬಿಟ್ಬಿಡಿ!" ಎಂದು ನಕ್ಕಿದ್ದೆ.

ಇವತ್ತು ಮನೆ ತಪಾಸಣೆಗೆ ಹೋಗಿದ್ದೆ. ಕಟ್ಟೆ ಹಾಕಿಸಿದ ದಿನದಂತೆಯೇ ಹೊಳೆಯುತ್ತಿತ್ತು. ಹೆಮ್ಮೆಯಿಂದ ಫೋಟೊ ತೆಗೆದೆ. ಆಮೇಲೆ ಬಟ್ಟೆ ಒಗೆಯುವ ಕೋಣೆಗೆ ಇಣುಕಿದರೆ, ವಾಷಿಂಗ್ ಮಷೀನಿನ ಮೇಲೆ ಚಾಕು, ಅರ್ಧ ಹೆಚ್ಚಿದ ಕೆಸುವಿನ ಗೆಡ್ಡೆ. ನೆಲದ ಮೇಲೆ ಹಬೆಯಾಡುವ ಪಾತ್ರೆ.

"ಇಲ್ಲಿ ಯಾಕಮ್ಮ ಅಡುಗೆ ಕೆಲಸ?"

"ನಿಮ್ ಕಟ್ಟೆ ಹಾಳಾದ್ರೆ ಏನ್ ಗತಿ ತಾಯಿ? ನೀವೇ ಹೇಳಿದ್ರಲ್ಲ. ನಂಗೆ ಅಭ್ಯಾಸ ಆಗ್ಹೋಗಿದೆ. ಈ ಹಾಳು ಸೊಂಟ ಮಾತ್ರ ಮಾತು ಕೇಳಲ್ಲ," ಎಂದು ನಕ್ಕರು.

ಅವರನ್ನು ಅಡುಗೆಮನೆಗೆ ಕರೆತಂದು, ಕಟ್ಟೆಗೆ ಕೈಯೂರಿ ನಿಂತು ಹೇಳಿದೆ. "ಅದು ತಮಾಷೆಗೆ ಅಂದಿದ್ದಮ್ಮ. ಇಲ್ಲೇ ಹೆಚ್ಚಿ, ಇಲ್ಲೇ ಇಡಿ. ಹಾಳಾದ್ರೆ ಆಗ್ಲಿ."

"ಆಯ್ತಾಯ್ತು," ಎಂದು ತಲೆಯಾಡಿಸಿದರು.

ಹೊರಡಲೆಂದು ನಾನು ಕಟ್ಟೆಯಿಂದ ಕೈ ತೆಗೆದೆ. ಅವರು ಹೆಗಲ ಮೇಲಿನ ಬಟ್ಟೆಯಿಂದ ನನ್ನ ಬೆರಳಿನ ಗುರುತನ್ನು ಮೆಲ್ಲಗೆ ಒರೆಸಿದರು.