ಬಾವಿಗಿಳಿಯದ ಲಾಟೀನು

ಲೇ ಪಿಳ್ಳಪ್ಪಾ,

ಬರ್ಮಾ ಯುದ್ಧದಲ್ಲಿ ಸತ್ತವನಿಗೆ ಕಾಗದ ಮುಟ್ಟುವುದಿಲ್ಲ, ಗೊತ್ತು. ಆದರೂ ಕೇಳು. ಇವತ್ತು ಕುಂದಾಣದ ನಮ್ಮ ಬಾವಿಯ ಹೂಳನ್ನು ತಳ ಕಾಣುವವರೆಗೆ ಎತ್ತಿಸಿದೆ. ನಮ್ಮಣ್ಣನ ಹೆಣ ತೆಗೆದ ಮೇಲೆ ಅದಕ್ಕೆ ಯಾರೂ ಇಳಿದಿರಲಿಲ್ಲ.

ಮೂರು ವರ್ಷದ ಹಿಂದೆ, ಬಿದ್ದ ಕೊಡ ತರಲು ಅಣ್ಣ ಮುಳುಗಿದಾಗ ಕಟ್ಟೆಯ ಮೇಲಿಂದ ಕನ್ನಡಿ ಹಿಡಿದು ನೀರಿಗೆ ಬಿಸಿಲು ಬಿಟ್ಟವನು ನೀನು. ಮೋಡ ಬಂದರೆ ಇರಲಿ ಎಂದು, ಹೊತ್ತಿಸಿದ ಲಾಟೀನನ್ನು ಮೊದಲೇ ನೀರಿನ ಮಟ್ಟಕ್ಕೆ ಇಳಿಬಿಡುವುದು ನಮ್ಮ ಪದ್ಧತಿ. ಮೋಡ ಬಂತು. ಅಣ್ಣ ಕತ್ತಲಲ್ಲಿ ಬಂಡೆಯಡಿ ಸಿಕ್ಕಿಕೊಂಡ. "ಲಾಟೀನ್ ಬಿಟ್ಟಿದ್ದೆ ಕಣ್ರಪ್ಪಾ, ಹಗ್ಗ ಕಿತ್ತೋಗಿ ಒಳಕ್ಕೆ ಬಿದ್ದೋಯ್ತು" ಎಂದು ನೀನು ಪಂಚಾಯ್ತಿಯಲ್ಲಿ ಆಣೆ ಮಾಡಿದೆ.

ಅವತ್ತು ಕಟ್ಟೆಯ ಮೇಲಿರಬೇಕಾದವನು ನಾನು. ದೇವನಹಳ್ಳಿ ಸಂತೆಗೆ ಹೋಗಿದ್ದೆ.

ಇವತ್ತು ಹೂಳಿನಲ್ಲಿ ಕೊಡ ಸಿಕ್ಕಿತು, ಲಾಟೀನು ಸಿಗಲಿಲ್ಲ. ಊರವರನ್ನೆಲ್ಲ ಕರೆದು ತೋರಿಸಿದೆ. ನಿಮ್ಮವ್ವ ಗಂಗಲಕ್ಷ್ಮಮ್ಮ ಮಾತ್ರ, "ಇರಪ್ಪಾ, ಇನ್ನೊಂದ್ಸಲ ನೋಡ್ತೀನಿ" ಎಂದು ಸಂಜೆಯವರೆಗೂ ಆ ಕೆಸರನ್ನು ಹಿಡಿಹಿಡಿಯಾಗಿ ಹಿಸುಕುತ್ತ ಕೂತಿದ್ದಳು.

ಅಂಥದೇ ಹಳೆಯ ಲಾಟೀನೊಂದು ನಮ್ಮ ಮನೆಯಲ್ಲಿದೆ. ಅವಳು ಅತ್ತ ತಿರುಗಿದಾಗ, ಅವಳ ಕೈಗೆ ಸಿಗುವಂತೆ ಅದನ್ನು ಕೆಸರಿನಲ್ಲಿ ಹುದುಗಿಸಬಹುದಿತ್ತು.

ಹುದುಗಿಸಲಿಲ್ಲ.